ಮೂರು ಧೂಳು ನುಸಿಗೂ ಪಾಸಿಟಿವ್ ಬಂದರೆ ಮೂರು ಅಲರ್ಜಿಯಾ?

ಪ್ರಶ್ನೆ: ನನಗೆ 34 ವರ್ಷ, ಊರು ಮಂಗಳೂರು. ಬೆಳಿಗ್ಗೆ ಎದ್ದ ಕೂಡಲೇ ಸೀನು, ಮೂಗು ಸೋರುವುದು. ಮಳೆಗಾಲದಲ್ಲಂತೂ ವಿಪರೀತ. ಚರ್ಮದ ಅಲರ್ಜಿ ಟೆಸ್ಟ್ ಮಾಡಿಸಿದೆ. ಧೂಳು ನುಸಿಗಳಲ್ಲಿ ಡರ್ಮಟೋಫಗಾಯ್ಡಿಸ್ ಟೆರೊನಿಸಿನಸ್‌ಗೆ 7 ಮಿ.ಮೀ., ಡರ್ಮಟೋಫಗಾಯ್ಡಿಸ್ ಫರೀನೆಗೆ 6, ಬ್ಲೋಮಿಯಾ ಟ್ರಾಪಿಕಾಲಿಸ್‌ಗೆ 4 ಎಂದು ಬಂದಿದೆ. ಮೂರಕ್ಕೂ ಸೇರಿಸಿ ಇಂಜೆಕ್ಷನ್ ಕೋರ್ಸ್ ತಗೊಳ್ಳಿ ಎಂದಿದ್ದಾರೆ. ನನಗೆ ನಿಜಕ್ಕೂ ಮೂರು ಅಲರ್ಜಿ ಇದೆಯಾ?

ಉತ್ತರ: ಮೂರು ಇರಲೇಬೇಕೆಂದಿಲ್ಲ. ಮೊದಲ ಎರಡನ್ನು ಒಂದೇ ಅಲರ್ಜಿ ಎಂದುಕೊಳ್ಳಿ. ಮೂರನೆಯದನ್ನು ಮಾತ್ರ ಬೇರೆಯಾಗಿ ನೋಡಬೇಕು.

ಈ ಟೆಸ್ಟಿನಲ್ಲಿ ನುಸಿಯ ಸಾರದ ದ್ರವವನ್ನು ಚರ್ಮಕ್ಕೆ ಚುಚ್ಚುತ್ತಾರೆ, ಹೋಲಿಸಿ ನೋಡಲು ಪಕ್ಕದಲ್ಲಿ ಬರೀ ಉಪ್ಪುನೀರನ್ನೂ ಚುಚ್ಚುತ್ತಾರೆ. ಉಪ್ಪುನೀರು ಚುಚ್ಚಿದ ಜಾಗಕ್ಕಿಂತ ಕನಿಷ್ಠ 3 ಮಿ.ಮೀ. ಜಾಸ್ತಿ ಊದಿದರೆ ಆ ಟೆಸ್ಟನ್ನು ಪಾಸಿಟಿವ್ ಎನ್ನುತ್ತೇವೆ. ಅದರ ಅರ್ಥ ಇಷ್ಟೇ: ಆ ದ್ರವದಲ್ಲಿರುವ ಯಾವುದೋ ಪ್ರೋಟೀನನ್ನು ಹಿಡಿಯುವ ಐಜಿಇ (ಅಲರ್ಜಿಗೆ ಕಾರಣವಾಗುವ ಬಗೆಯ) ಪ್ರತಿಕಾಯ ನಿಮ್ಮ ಮೈಯಲ್ಲಿದೆ. ಆ ಪ್ರತಿಕಾಯ ಮೊದಲು ಯಾವ ನುಸಿಯ ವಿರುದ್ಧ ಹುಟ್ಟಿತು ಅಂತ ಊತ ಹೇಳುವುದಿಲ್ಲ. ನಿಮ್ಮ ಕಾಯಿಲೆ ಎಷ್ಟು ಜೋರು ಅನ್ನುವುದನ್ನೂ 7, 6, 4 ನೋಡಿ ಹೇಳಲಾಗದು. ಟೆಸ್ಟ್ ಪಾಸಿಟಿವ್ ಬಂದೂ ಒಂದು ಸೀನೂ ಬಾರದವರು ಎಷ್ಟೋ ಜನ ಇದ್ದಾರೆ. ಅವರಿಗೆ ಚಿಕಿತ್ಸೆಯೇ ಬೇಡ.

ಈಗ ನುಸಿಯ ವಿಷಯ. ಸುಮಾರು 0.3 ಮಿ.ಮೀ. ಉದ್ದದ ಜೀವಿ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಹಾಸಿಗೆ, ದಿಂಬಿನಲ್ಲಿ ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಮಂಗಳೂರಿನ ಮಳೆಗಾಲ ಅದಕ್ಕೆ ಹಬ್ಬ. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಅದರೊಳಗೆ ಅದರ ಜೀರ್ಣರಸದ ಕಿಣ್ವಗಳು ಇರುತ್ತವೆ. ಟೆರೊನಿಸಿನಸ್‌ನ ಇಂಥ ಒಂದು ಕಿಣ್ವದ ಹೆಸರು ಡೆರ್ ಪಿ 1. ಮೂಗಿನ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲಿಸಿ ಒಳಗೆ ನುಗ್ಗುವ ಪ್ರೋಟೀನು ಇದು. ಹಿಕ್ಕೆ ಭಾರ, ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುವುದಿಲ್ಲ. ಹಾಸಿಗೆ ಕೊಡವಿದಾಗ, ಹೊರಳಿದಾಗ ಏಳುತ್ತದೆ. ನಿಮಗೆ ಬೆಳಿಗ್ಗೆಯೇ ಸೀನು ಬರುವುದು ಅದಕ್ಕೇ.

ಫರೀನೆಯಲ್ಲೂ ಇದೇ ಕಿಣ್ವ ಇದೆ, ಹೆಸರು ಡೆರ್ ಎಫ್ 1. ಎರಡರ ರಚನೆ ಸುಮಾರು ಶೇ 80ರಷ್ಟು ಒಂದೇ. ಎರಡನೇ ಮುಖ್ಯ ಪ್ರೋಟೀನುಗಳಾದ ಡೆರ್ ಪಿ 2 ಮತ್ತು ಡೆರ್ ಎಫ್ 2 ಇನ್ನೂ ಹತ್ತಿರ. ಅಣ್ಣನ ಮುಖ ನೋಡಿದವರು ತಮ್ಮನನ್ನು ದಾರಿಯಲ್ಲಿ ಕಂಡರೂ ಗುರುತು ಹಿಡಿಯುವ ಹಾಗೆ, ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ. ಮನೆಯಲ್ಲಿ ಒಂದು ಜಾತಿ ಮಾತ್ರ ಇದ್ದರೂ ಟೆಸ್ಟಿನಲ್ಲಿ ಎರಡೂ ಊದುತ್ತವೆ.

ಬ್ಲೋಮಿಯಾ ಬೇರೆ ಕುಟುಂಬದ್ದು. ಬಿಸಿಯೂ ತೇವವೂ ಇರುವ ಊರುಗಳ ಜೀವಿ. ಸಿಂಗಪುರ, ಬ್ರೆಜಿಲ್, ಕೊಲಂಬಿಯಾದಲ್ಲಿ ಅದು ಅಲರ್ಜಿಯ ದೊಡ್ಡ ಕಾರಣ. ಅದಕ್ಕೆ ಈ ಹೆಸರಿಟ್ಟು ವಿವರಿಸಿದ್ದೇ 1973ರಲ್ಲಿ. ಅದರ ಮುಖ್ಯ ಪ್ರೋಟೀನು ಬ್ಲೋ ಟಿ 5. ಟೆರೊನಿಸಿನಸ್‌ನಲ್ಲಿರುವ ಅದರ ಜೋಡಿ ಪ್ರೋಟೀನಿಗೂ ಇದಕ್ಕೂ ಶೇ 40ರ ಆಸುಪಾಸು ಮಾತ್ರ ಹೋಲಿಕೆ. ಇಷ್ಟು ಕಡಿಮೆ ಹೋಲಿಕೆಯಲ್ಲಿ ಪ್ರತಿಕಾಯ ಸಾಮಾನ್ಯವಾಗಿ ಅತ್ತಿತ್ತ ಹೋಗುವುದಿಲ್ಲ.

ಹಾಗಾದರೆ ನಿಮ್ಮ 4 ಮಿ.ಮೀ. ಎಲ್ಲಿಂದ ಬಂತು? ಎರಡು ದಾರಿ ಇವೆ. ಕರಾವಳಿಯ ಸೆಕೆಯಲ್ಲಿ ಬ್ಲೋಮಿಯಾ ನಿಮ್ಮ ಹಾಸಿಗೆಯಲ್ಲೇ ಇದ್ದು, ಅದಕ್ಕೂ ನಿಜವಾದ ಅಲರ್ಜಿ ಆಗಿರಬಹುದು. ಅಥವಾ ಟೆಸ್ಟಿನ ದ್ರವವೇ ಗೊಂದಲ ಮಾಡಿರಬಹುದು. ಅದು ಇಡೀ ನುಸಿಯನ್ನು ಅರೆದು ತೆಗೆದ ಸಾರ ಅಲ್ವಾ, ಎಲ್ಲ ನುಸಿಗಳಲ್ಲೂ ಇರುವ ಸಣ್ಣಪುಟ್ಟ ಪ್ರೋಟೀನುಗಳೂ ಅದರಲ್ಲಿರುತ್ತವೆ. ಸಂಶೋಧನಾ ಲ್ಯಾಬ್‌ಗಳಲ್ಲಿ ಇದನ್ನು ಬಿಡಿಸುವ ಕ್ರಮ ಚೆನ್ನಾಗಿದೆ. ರೋಗಿಯ ರಕ್ತದ ಸೀರಮ್ಮಿಗೆ ಮೊದಲು ಟೆರೊನಿಸಿನಸ್ ಸಾರ ಬೆರೆಸುತ್ತಾರೆ. ಅದನ್ನು ಹಿಡಿಯುವ ಪ್ರತಿಕಾಯಗಳೆಲ್ಲ ಅಲ್ಲೇ ಖರ್ಚಾಗುತ್ತವೆ. ಆಮೇಲೂ ಬ್ಲೋಮಿಯಾವನ್ನು ಹಿಡಿಯಲು ಏನಾದರೂ ಉಳಿದಿದ್ದರೆ ಅದು ಬ್ಲೋಮಿಯಾದ್ದೇ ಅಲರ್ಜಿ. ನಿಮಗೆ ಅಷ್ಟು ದೂರ ಹೋಗುವುದು ಬೇಡ. ಡೆರ್ ಪಿ 1, ಡೆರ್ ಪಿ 2, ಟೆರೊನಿಸಿನಸ್‌ನದೇ ಇನ್ನೊಂದು ಪ್ರೋಟೀನಾದ ಡೆರ್ ಪಿ 23, ಬ್ಲೋ ಟಿ 5 ಇವುಗಳಿಗೆ ಬಿಡಿಬಿಡಿಯಾಗಿ ಐಜಿಇ ನೋಡುವ ರಕ್ತಪರೀಕ್ಷೆ ಇದೆ. ಇಂಜೆಕ್ಷನ್ ತಗೊಳ್ಳುವ ಯೋಚನೆ ಇದ್ದರೆ ಮಾತ್ರ ಮಾಡಿಸಿ. ಇಲ್ಲದಿದ್ದರೆ ಸುಮ್ನೆ ಖರ್ಚು.

ಇಂಜೆಕ್ಷನ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನುಸಿಯ ಸಾರವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮೈಗೆ ಅದನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆ ಅದು. ಮೊದಲ ಎರಡು ನುಸಿಗೆ ಒಂದೇ ಮಿಶ್ರಣ ಸಾಕು. ನಾಲಿಗೆಯಡಿ ಇಡುವ ನುಸಿ ಮಾತ್ರೆಗಳಲ್ಲೂ ಈ ಎರಡೂ ಸೇರಿರುತ್ತವೆ. ಬ್ಲೋ ಟಿ 5 ನೆಗೆಟಿವ್ ಬಂದರೆ ಬ್ಲೋಮಿಯಾವನ್ನು ಸೇರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಒಂದೇ ಸೀಸೆಗೆ ಹೆಚ್ಚು ಸಾರ ತುಂಬಿದಷ್ಟೂ ನಿಮಗೆ ಬೇಕಾದ ಸಾರದ ಡೋಸ್ ಕಡಿಮೆಯಾಗುತ್ತದೆ. ಇದು ಕನಿಷ್ಠ 3 ವರ್ಷದ ಚಿಕಿತ್ಸೆ, ದುಡ್ಡೂ ಸಮಯವೂ ಹೋಗುತ್ತದೆ. ಅದಕ್ಕೂ ಮೊದಲು, ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇಯನ್ನು ಸರಿಯಾದ ಕ್ರಮದಲ್ಲಿ, ದಿನಾ, ಕೆಲವು ವಾರ ಬಳಸಿ ನೋಡಿದ್ದೀರಾ ಎಂದು ಕೇಳುತ್ತೇನೆ. ಎಷ್ಟೋ ಜನ ಎರಡು ದಿನ ಹಾಕಿ ಬಿಡುತ್ತಾರೆ.

ಮನೆಯಲ್ಲಿ ಮಾಡುವ ಕೆಲಸ ಮೂರು ನುಸಿಗೂ ಒಂದೇ. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹುಪಾಲು ತೊಳೆದು ಹೋಗುತ್ತದೆ, ಆದರೆ ನುಸಿ ಸಾಯುವುದಿಲ್ಲ. ಬಿಸಿಲಿಗೆ ಹಾಕಿದರೆ ನುಸಿ ಸಾಯುತ್ತದೆ, ಹಿಕ್ಕೆ ಹಾಗೇ ಉಳಿಯುತ್ತದೆ. ದುಬಾರಿ ಹಾಸಿಗೆ ಕವರ್ ಒಂದನ್ನೇ ನಂಬಬೇಡಿ. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕ ಆಸ್ತಮಾ ರೋಗಿಗಳಿದ್ದರು. ಬರೀ ಕವರ್‌ನಿಂದ ಅವರಿಗೆ ಪ್ರಯೋಜನ ಆಗಲಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮಗಳಿಗೆ ಧೂಳು ನುಸಿ ಅಲರ್ಜಿ ಇದೆ. ರಕ್ತಪರೀಕ್ಷೆಯಲ್ಲಿ ಸೀಗಡಿಗೂ ಪಾಸಿಟಿವ್ ಬಂದಿದೆ! ರಿಪೋರ್ಟ್ ಅದಲು ಬದಲಾಗಿದೆಯಾ?

ಉತ್ತರ: ಬಹುಶಃ ಇಲ್ಲ. ನುಸಿ, ಸೀಗಡಿ, ಜಿರಳೆ ಮೂರರಲ್ಲೂ ಟ್ರೊಪೊಮಯೊಸಿನ್ ಎಂಬ ಸ್ನಾಯುವಿನ ಪ್ರೋಟೀನು ಇದೆ, ರಚನೆಯೂ ತುಂಬ ಹತ್ತಿರ. ಧರ್ಮದ ಕಟ್ಟಳೆಯಂತೆ ಸೀಗಡಿ ಮುಟ್ಟದ ಯಹೂದಿಗಳಲ್ಲೂ ಹೀಗೇ ಸೀಗಡಿ ಪಾಸಿಟಿವ್ ಬಂದದ್ದು ವರದಿಯಾಗಿದೆ. ಅವರಿಗೂ ನುಸಿ ಅಲರ್ಜಿ ಇತ್ತು. ನಿಮ್ಮ ಮಗಳು ತಿನ್ನುವುದೇ ಇಲ್ಲವಾದ್ದರಿಂದ ಚಿಂತೆ ಬೇಡ. ತಿನ್ನುವವರಿಗೆ ಒಂದು ಮಾತು: ಇಷ್ಟು ದಿನ ಸೀಗಡಿ ತಿಂದು ಏನೂ ಆಗಿಲ್ಲವಾದರೆ ಈ ರಿಪೋರ್ಟ್ ನೋಡಿ ಬಿಡಬೇಕಿಲ್ಲ. ತಿಂದಾಗ ಬಾಯಿ ತುರಿಸಿದ್ದರೆ, ಮೈಮೇಲೆ ದದ್ದು ಎದ್ದಿದ್ದರೆ ತಿನ್ನುವುದು ನಿಲ್ಲಿಸಿ ವೈದ್ಯರನ್ನು ಕಾಣಿ. ಚೆನ್ನಾಗಿ ಬೇಯಿಸಿದರೆ ಸಾಕು ಅನ್ನುವಂತಿಲ್ಲ, ಆ ಪ್ರೋಟೀನು ಬಿಸಿಗೆ ಜಗ್ಗುವುದಿಲ್ಲ.

ಪ್ರಶ್ನೆ: ಹಳೆಯ ಮೈದಾ ಹಿಟ್ಟಿನಲ್ಲಿ ಮಾಡಿದ ತಿಂಡಿ ತಿಂದು ತಮ್ಮನಿಗೆ ಮೈಯೆಲ್ಲ ದದ್ದು, ಉಬ್ಬಸ ಬಂತು. ಗೋಧಿ ಅಲರ್ಜಿ ಇಲ್ಲ, ಚಪಾತಿ ದಿನಾ ತಿನ್ನುತ್ತಾನೆ. ಧೂಳಿನ ಅಲರ್ಜಿ ಇದೆ.

ಉತ್ತರ: ಹಿಟ್ಟಿನಲ್ಲಿ ನುಸಿ ಬೆಳೆದಿತ್ತೇ ಎಂದು ನೋಡಲೇಬೇಕು. ತೆರೆದಿಟ್ಟ ಪ್ಯಾಕೆಟ್ಟಿನಲ್ಲಿ ಅವು ಲೆಕ್ಕವಿಲ್ಲದಷ್ಟು ಆಗುತ್ತವೆ, ಬೇಯಿಸಿದರೂ ಕೆಲವು ಪ್ರೋಟೀನು ಹಾಳಾಗುವುದಿಲ್ಲ. ವೆನೆಜುವೆಲಾದಂಥ ಸೆಕೆಯ ದೇಶಗಳಿಂದ ಇಂಥ ವರದಿಗಳು ಹೆಚ್ಚು. ಇದು ಪ್ರಾಣಕ್ಕೇ ಅಪಾಯ ತರಬಲ್ಲದು. ಮತ್ತೆ ಹೀಗಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಇನ್ನು ಮುಂದೆ ಮೈದಾ, ಗೋಧಿ ಹಿಟ್ಟು, ರವೆಯನ್ನು ಬಿಗಿ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಆ ದಿನದ ಹಿಟ್ಟು ಉಳಿದಿದ್ದರೆ ಎಸೆಯಬೇಡಿ. ಡಬ್ಬಕ್ಕೆ ಹಾಕಿ ಅಲರ್ಜಿ ತಜ್ಞರ ಹತ್ತಿರ ಒಯ್ಯಿರಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನುಸಿ ಇದೆಯೋ ಇಲ್ಲವೋ ತಿಳಿಯುತ್ತದೆ.