ವಿಸಿಟ್ ವೀಸಾದಲ್ಲಿ ಗಲ್ಫ್‌ಗೆ ಮನೆಕೆಲಸಕ್ಕೆ ಹೋಗಬಹುದಾ?

ನಿಮ್ಮ ಅಕ್ಕನಿಗೆ 27 ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುತ್ತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಅರ್ಜಿ ಹಾಕಿಸಲು ಬರುವವರು ಇದನ್ನೇ ಜಾಸ್ತಿ ಕೇಳುತ್ತಾರೆ.

ಹತ್ತನೇ ಕ್ಲಾಸ್ ಆಗದವರಿಗೆ ಸಿಗುವುದು ಇಸಿಆರ್ ಪಾಸ್‌ಪೋರ್ಟ್, ಅಂದರೆ ‘ಎಮಿಗ್ರೇಷನ್ ತಪಾಸಣೆ ಬೇಕು’ ಅನ್ನುವ ಗುರುತಿರುವ ಪಾಸ್‌ಪೋರ್ಟ್. ಸೌದಿ, ಕುವೈತ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅವರಿಗೆ ಸರ್ಕಾರದ ಅನುಮತಿ ಬೇಕು. 1983ರ ಎಮಿಗ್ರೇಷನ್ ಕಾಯ್ದೆ ಇದಕ್ಕೆ ಆಧಾರ. ಈ ಪಾಸ್‌ಪೋರ್ಟಿನಲ್ಲಿ ಮನೆಕೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷವೂ ತುಂಬಿರಬೇಕು. 2016ರಿಂದ ಕೇರಳದ ನೋರ್ಕಾ ರೂಟ್ಸ್ ತರಹದ ಸರ್ಕಾರಿ ಸಂಸ್ಥೆಯ ಮೂಲಕವೇ ಹೋಗಬೇಕು. ಗಂಡಸರಿಗೆ ಈ 30ರ ಕಟ್ಟು ಇಲ್ಲ, ನೋಡಿ.

ಹೆಂಗಸರನ್ನು ಕಾಪಾಡಲೆಂದೇ ಮಾಡಿದ್ದು, ಸರಿ. ಆದರೆ ಸಾಲ ತೀರಿಸಬೇಕಾದವಳು ಇನ್ನೂ ಮೂರು ವರ್ಷ ಸುಮ್ನೆ ಕೂರುತ್ತಾಳಾ? ವಿಸಿಟ್ ವೀಸಾಗೆ ಈ ಅನುಮತಿ ಬೇಕಿಲ್ಲ. ಏಜೆಂಟ್ ನುಸುಳುವುದು ಆ ಸಂದಿಯಲ್ಲೇ.

ನಮ್ಮ ಬೀದಿಯ ಒಬ್ಬ ಹೆಂಗಸು ಹೀಗೇ ದುಬೈಗೆ ಇಳಿದು, ಅಲ್ಲಿಂದ ರಸ್ತೆಯಲ್ಲಿ ಒಮಾನ್‌ನ ಮಸ್ಕತ್‌ಗೆ ಹೋದರು. ಆರು ತಿಂಗಳು ಸಂಬಳ ಇಲ್ಲ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಿಸಲು ಅವರಮ್ಮ ನನ್ನ ಹತ್ತಿರ ಬಂದರು. ಮಾಲೀಕನ ಹೆಸರು? ಗೊತ್ತಿಲ್ಲ. ಕರಾರು ಪತ್ರ? ಇಲ್ಲ. ವಿಳಾಸ ಕೇಳಿದರೆ, “ದೊಡ್ಡ ಮನೆಯಂತೆ ಸಾರ್, ಮುಂದೆ ಖರ್ಜೂರದ ಮರ ಇದೆಯಂತೆ” ಅಂದರು. ನಾನೇನು ಟೈಪ್ ಮಾಡಲಿ? ಕೊನೆಗೆ ಮಗಳೇ ಹೇಗೋ ತಪ್ಪಿಸಿಕೊಂಡು ನಮ್ಮ ರಾಯಭಾರ ಕಚೇರಿ ಸೇರಿದ ಮೇಲೆ ದಾರಿಯಾಯಿತು. ಅದೂ ಅಪಾಯವೇ. ಅಲ್ಲಿನ ಕಫಾಲಾ ಪದ್ಧತಿಯಲ್ಲಿ ಕೆಲಸದವರ ವೀಸಾ ಮಾಲೀಕನಿಗೆ ಕಟ್ಟುಬಿದ್ದಿರುತ್ತದೆ. ಮನೆ ಬಿಟ್ಟರೆ ‘ಓಡಿಹೋದಳು’ ಅಂತ ಅವನು ದೂರು ಕೊಡಬಹುದು.

ಅನುಮತಿ ಪಡೆದು ಹೋದವರ ಮಾಲೀಕ ಯಾರು, ಸಂಬಳ ಎಷ್ಟು ಅನ್ನುವುದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಾಗಿರುತ್ತದೆ. 10 ಲಕ್ಷದ ವಿಮೆಯೂ ಕಡ್ಡಾಯ. ಕದ್ದು ಹೋದವರಿಗೆ ಇದ್ಯಾವುದೂ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ. 30 ತುಂಬದ ಹೆಂಗಸನ್ನೂ ದಾಖಲೆ ಮಾಡಿಸಿಯೇ ಕಳಿಸಿದ್ದರೆ ಆ ತಾಯಿಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು ಅಲ್ವಾ?

ಅಕ್ಕ ಓಪನ್ ಸ್ಕೂಲ್‌ನಲ್ಲಿ ಹತ್ತನೇ ಕ್ಲಾಸ್ ಪಾಸು ಮಾಡಿಕೊಂಡರೆ ಪಾಸ್‌ಪೋರ್ಟಿನ ಇಸಿಆರ್ ಗುರುತು ತೆಗೆಸಬಹುದು, ಆಗ ಈ ಅನುಮತಿ ಬೇಕಾಗುವುದಿಲ್ಲ. ಆಗಲೂ ಕರಾರು ಪತ್ರ ಕೈಗೆ ಬರದೆ ವಿಮಾನ ಹತ್ತುವುದು ಬೇಡ. ಏಜೆಂಟ್ ಈಗಾಗಲೇ ಪಾಸ್‌ಪೋರ್ಟ್ ಇಸಿದುಕೊಂಡಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ.