ಓದುಗರು ಕೇಳಿದ್ದು: ಇಷ್ಟು ದಪ್ಪ ಗ್ಲೌಸ್ ಹಾಕಿದರೂ ಬೆರಳು ಯಾಕೆ ಮರಗಟ್ಟುತ್ತದೆ?

ಪ್ರಶ್ನೆ: ಕೆಲಸದ ಮೇಲೆ ಮೈನಸ್ 25 ಡಿಗ್ರಿವರೆಗೆ ಇಳಿಯುವ ಜಾಗಕ್ಕೆ ಹೋಗುತ್ತಿದ್ದೇನೆ. ಇದ್ದುದರಲ್ಲೇ ದಪ್ಪ ಗ್ಲೌಸ್ ತಗೊಂಡರೆ ಸಾಕಲ್ವಾ?

ಸಾಲದು. ದಪ್ಪಕ್ಕಿಂತ ಮೊದಲು ಅಳತೆ ನೋಡಿ. ಗ್ಲೌಸ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ನಿಮ್ಮ ರಕ್ತ ತಂದುಕೊಟ್ಟ ಬಿಸಿ ಹೊರಗೆ ಓಡಿಹೋಗದಂತೆ ತಡೆಯುತ್ತದೆ, ಅಷ್ಟೇ. ಅದನ್ನೂ ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಬಿಗಿ ಗ್ಲೌಸ್ ಹಾಕಿದರೆ ಆ ಗಾಳಿಗೂ ಜಾಗವಿಲ್ಲ, ಬೆರಳಿಗೆ ಬರುವ ರಕ್ತವೂ ಕಡಿಮೆ. ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ. ಎಲ್ಲೂ ಎಳೆಯಬಾರದು, ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಉಳಿಯಬೇಕು.

ಮೈನಸ್ 25ಕ್ಕೆ ನಾನಾದರೆ ಮಿಟನ್ ಆರಿಸುತ್ತೇನೆ, ಅಂದರೆ ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕೂ ಬೆರಳಿಗೆ ಸೇರಿ ಒಂದು ಮನೆ ಇರುವಂಥದ್ದು. ಐದು ಬೆರಳಿನ ಗ್ಲೌಸ್‌ನಲ್ಲಿ ಪ್ರತಿ ಬೆರಳೂ ಒಂಟಿಯಾಗಿ ಸುತ್ತಲಿಂದ ತಣ್ಣಗಾಗುತ್ತದೆ, ಮಿಟನ್‌ನಲ್ಲಿ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ತೊಂದರೆ ಏನಂದರೆ ಜಿಪ್ ಎಳೆಯೋದಕ್ಕೂ ಮಿಟನ್ ಬಿಚ್ಚಬೇಕು. ಅದಕ್ಕೇ ಒಳಗೆ ಉಣ್ಣೆಯದೋ ಪಾಲಿಯೆಸ್ಟರಿನದೋ ಒಂದು ತೆಳು ಗ್ಲೌಸ್ ಇರಲಿ, ಮಿಟನ್ ಬಿಚ್ಚಿದರೂ ಬರಿಗೈ ಆಗುವುದಿಲ್ಲ. ಮೈನಸ್ 25ರಲ್ಲಿ ಬರಿಗೈಯಿಂದ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳಬಹುದು. ಪೆಟ್ರೋಲ್ ಚೆಲ್ಲಿಕೊಂಡರೆ ಇನ್ನೂ ಕೆಟ್ಟದ್ದು. ಅದು ಆ ಚಳಿಯಲ್ಲೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರುತ್ತದೆ, ಕೈಮೇಲೆ ಬಿದ್ದು ಆವಿಯಾಗುವಾಗ ಇರುವ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ.

ಮಿಟನ್ನಿನ ಹೊರಪದರ ಗಾಳಿ ತಡೆಯಬೇಕು, ಮಣಿಕಟ್ಟನ್ನು ದಾಟಿ ಜಾಕೆಟ್ ತೋಳಿನವರೆಗೂ ಬರಬೇಕು. ಒಳಪದರ ಬೇರೆ ತೆಗೆಯಲು ಬಂದರೆ ಒಣಗಿಸೋದು ಸುಲಭ. ಹತ್ತಿಯದು ಬೇಡ, ಅದು ಬೆವರು ಕುಡಿದು ಒದ್ದೆಯಾಗಿಯೇ ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಹಕ್ಕಿಯ ನುಣುಪು ಪುಕ್ಕ ತುಂಬಿದ್ದು ಒಣಗಿದ್ದಾಗ ಬಹಳ ಬೆಚ್ಚಗೆ, ಒದ್ದೆಯಾದರೆ ಮುದ್ದೆಯಾಗುತ್ತದೆ. ಕರಗುವ ಹಿಮದಲ್ಲಿ ಓಡಾಡುವವರಿಗೆ ಸಿಂಥೆಟಿಕ್ ತುಂಬಿದ್ದೇ ವಾಸಿ.

‘ಮೈನಸ್ 30ಕ್ಕೆ ಸೂಕ್ತ’ ಅಂತ ಲೇಬಲ್ ಮೇಲೆ ಬರೆದಿರುವುದನ್ನು ನಾನು ಹೆಚ್ಚು ನಂಬುವುದಿಲ್ಲ. ನಡೆಯುತ್ತಿರುವವರಿಗೋ, ಸುಮ್ನೆ ನಿಂತವರಿಗೋ? ಅದರ ಬದಲು ಇಎನ್ 511 ಎಂಬ ಯುರೋಪಿನ ಮಾನದಂಡದ ಗುರುತು ಇದೆಯಾ ನೋಡಿ. ಹಿಮದ ಹರಳಿನ ಚಿತ್ರ, ಕೆಳಗೆ ಮೂರು ಅಂಕಿ. ಮೊದಲನೆಯದು ಸುತ್ತಲಿನ ಚಳಿಯನ್ನು, ಎರಡನೆಯದು ತಣ್ಣನೆಯ ವಸ್ತು ಹಿಡಿದಾಗಿನ ಚಳಿಯನ್ನು ಎಷ್ಟು ತಡೆಯುತ್ತದೆ ಅಂತ 0ಯಿಂದ 4ರವರೆಗೆ ಹೇಳುತ್ತದೆ. ಮೂರನೆಯದು ನೀರಿನದು, 1 ಇದ್ದರೆ ನೀರು ತಡೆಯುವ ಪರೀಕ್ಷೆಯಲ್ಲಿ ಪಾಸಾಗಿದೆ ಅಂತ.

ಇನ್ನೊಂದು, ಮಣಿಕಟ್ಟಿಗೆ ಹಾಕುವ ದಾರ ಇರಲಿ, ಬ್ಯಾಗಿನಲ್ಲಿ ಇನ್ನೊಂದು ಜೊತೆಯೂ ಇರಲಿ. 1950ರಲ್ಲಿ ಅನ್ನಪೂರ್ಣಾ ಶಿಖರ ಹತ್ತಿದ ಫ್ರಾನ್ಸಿನ ಮೊರೀಸ್ ಎರ್ಜೋಗ್ ಇಳಿಯುವಾಗ ಗ್ಲೌಸ್ ಕೈಜಾರಿ ಹೋಯಿತು. ಆಮೇಲೆ ಅವರ ಹೆಚ್ಚಿನ ಕೈಬೆರಳುಗಳನ್ನು ಕತ್ತರಿಸಬೇಕಾಯಿತು.

ಪ್ರಶ್ನೆ: ಒಳ್ಳೆ ಗ್ಲೌಸೇ ಇದೆ, ಆದರೂ ಹೊರಗೆ ನಿಂತು ಕಾಯುವಾಗ ಬೆರಳು ಜೋಮು ಹಿಡಿಯುತ್ತದೆ. ಇನ್ನೂ ದುಬಾರಿಯದು ತಗೊಳ್ಳಬೇಕಾ?

ಮೊದಲು ಜಾಕೆಟ್ ನೋಡಿಕೊಳ್ಳಿ. ಎದೆ, ಹೊಟ್ಟೆ ತಣ್ಣಗಾಗುತ್ತಿದೆ ಅಂತ ಮೈಗೆ ಗೊತ್ತಾದ ಕೂಡಲೇ ಅದು ಕೈಕಾಲಿಗೆ ಹೋಗುವ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಯಾಕೆಂದರೆ ಹೃದಯ ಮಿದುಳಿನ ಮುಂದೆ ಬೆರಳಿನ ಲೆಕ್ಕ ಅದಕ್ಕಿಲ್ಲ. ರಕ್ತವೇ ಬರದಿದ್ದರೆ ಎಂಥ ಗ್ಲೌಸ್ ಇದ್ದೂ ಏನು ಪ್ರಯೋಜನ? ಇನ್ನೊಂದು ಪದರ ಉಡುಪು, ಟೋಪಿ, ಕುತ್ತಿಗೆ ಮುಚ್ಚುವ ಬಟ್ಟೆ, ಇವು ಕೈಯನ್ನೂ ಬೆಚ್ಚಗಿಡುತ್ತವೆ. (ಮೈಯ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಅನ್ನೋದು ಮಾತ್ರ ಸುಳ್ಳು. ತಲೆ ನಮ್ಮ ಮೈಯ ಮೇಲ್ಮೈಯಲ್ಲಿ ಸುಮಾರು 10ನೇ ಒಂದು ಭಾಗ, ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ.) ಬೆಚ್ಚನೆಯ ಕೈಯನ್ನೇ ಗ್ಲೌಸಿಗೆ ಹಾಕಿ, ಅಂದರೆ ಮನೆಯೊಳಗೇ ಹಾಕಿಕೊಂಡು ಹೊರಡಿ. ಬೆರಳು ತಣ್ಣಗಾದರೆ ತೋಳನ್ನು ಭುಜದಿಂದ ಜೋರಾಗಿ ಸುತ್ತು ತಿರುಗಿಸಿ, ರಕ್ತ ತುದಿಗೆ ಹರಿಯುತ್ತದೆ. ನೋಡಿದವರು ನಗಲಿ ಬಿಡಿ.

ಸಿಗರೇಟು ಸೇದುವವರಾದರೆ ಅದೂ ರಕ್ತನಾಳ ಕಿರಿದು ಮಾಡುತ್ತದೆ. ಸ್ವಲ್ಪ ಚಳಿಗೇ ಬೆರಳು ಬಿಳಿಯಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಿದ್ದರೆ ಅದು ರೇನೋ ಎಂಬ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹವಾಮಾನ ವರದಿಯಲ್ಲಿ ಮೈನಸ್ 10, ‘ಅನಿಸುವುದು ಮೈನಸ್ 20’ ಅಂತ ಇರುತ್ತದೆ. ಯಾವುದನ್ನು ನಂಬಬೇಕು?

ಚರ್ಮ ತೆರೆದಿದ್ದರೆ ಎರಡನೆಯದನ್ನು. ಗಾಳಿ ಬೀಸಿದಾಗ ಚರ್ಮಕ್ಕಂಟಿದ ಬೆಚ್ಚನೆಯ ಗಾಳಿಯ ಪದರ ಹಾರಿಹೋಗಿ ಮೈ ಬೇಗ ತಣ್ಣಗಾಗುತ್ತದೆ. ಹಾಗಂತ ಕೈ ಮೈನಸ್ 20ಕ್ಕೆ ಇಳಿಯುವುದಿಲ್ಲ. ಗಾಳಿಯ ನಿಜವಾದ ಉಷ್ಣತೆಗಿಂತ ಕೆಳಗೆ ಹೋಗಲು ಸಾಧ್ಯವಿಲ್ಲ, ಆದರೆ ಅಲ್ಲಿಗೆ ಬೇಗ ತಲುಪುತ್ತದೆ. ಇದನ್ನು ಮೊದಲು ಅಳೆದವರು ಅಂಟಾರ್ಕ್ಟಿಕಾದಲ್ಲಿದ್ದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯ ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡಿ. ಈಗಿನ ಸೂತ್ರ ಅಮೆರಿಕ, ಕೆನಡಾಗಳಲ್ಲಿ 2001ರಲ್ಲಿ ಬಂದದ್ದು. ಅದರ ಪ್ರಕಾರ ಮೈನಸ್ 20ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ ಮೈನಸ್ 33 ಅನಿಸುತ್ತದೆ. ಅಂಥ ಹೊತ್ತಿನಲ್ಲಿ ತೆರೆದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು.

ಪ್ರಶ್ನೆ: ಹಿಮದಲ್ಲಿ ನಡೆಯುವಾಗ ಗೆಳೆಯನ ಎರಡು ಬೆರಳು ಬಿಳಚಿಕೊಂಡವು. ಜೊತೆಗಿದ್ದವರು ಹಿಮದಿಂದ ಉಜ್ಜು ಅಂದರು. ಸರಿಯಾ?

ಖಂಡಿತ ತಪ್ಪು. ಹಿಮದಿಂದಲ್ಲ, ಕೈಯಿಂದಲೂ ಉಜ್ಜಬಾರದು. ಹೆಪ್ಪುಗಟ್ಟುತ್ತಿರುವ ಜಾಗ ಉಜ್ಜಿದರೆ ಇನ್ನಷ್ಟು ಹಾಳಾಗುತ್ತದೆ. ಈ ಸಲಹೆ ಹಬ್ಬಿದ್ದಕ್ಕೆ ಒಂದು ಕಾರಣ ನೆಪೋಲಿಯನ್ನನ ಸೇನೆಯ ವೈದ್ಯ ಲಾರೆ. 1812ರಲ್ಲಿ ಮಾಸ್ಕೋದಿಂದ ಹಿಂದಿರುಗುವಾಗ ಬೆಂಕಿಗೆ ಕೈಕಾಲು ಹಿಡಿದ ಸೈನಿಕರ ಸ್ಥಿತಿ ಕಂಡು ಅವರು ಹಿಮದಿಂದ ಉಜ್ಜಿ ಅಂದರು. ಬೆಂಕಿ ಬೇಡ ಅಂದದ್ದು ಸರಿಯಿತ್ತು, ಉಜ್ಜೋದು ಸರಿಯಿರಲಿಲ್ಲ, ಆದರೂ ಅದು ನೂರು ವರ್ಷಕ್ಕೂ ಮೀರಿ ನಡೆದುಬಂತು.

ಬೆರಳು ಬಿಳಚಿ, ಜುಮುಜುಮು ಅಂದರೂ ಮೆತ್ತಗೇ ಇದ್ದರೆ ಕಂಕುಳಲ್ಲಿ ಇಟ್ಟುಕೊಂಡರೆ ಸಾಕು, ಬಣ್ಣ ಮರಳುತ್ತದೆ. ಗಟ್ಟಿಯಾಗಿ, ಮೇಣದಂತಾಗಿ, ಸ್ಪರ್ಶವೇ ತಿಳಿಯದಿದ್ದರೆ ಅದು ಫ್ರಾಸ್ಟ್‌ಬೈಟ್. ಕಂದು ಚರ್ಮದಲ್ಲಿ ಬಿಳುಪು ಸರಿಯಾಗಿ ಕಾಣುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿದ ಹಾಗಿರುತ್ತದೆ, ಅದಕ್ಕೆ ಮುಟ್ಟಿಯೇ ನೋಡಬೇಕು. ನೋವು ಇದ್ದಕ್ಕಿದ್ದಂತೆ ನಿಂತರೆ ಹುಷಾರಾಯಿತು ಅಂದುಕೊಳ್ಳಬೇಡಿ.

ಉಂಗುರ ತೆಗೆಯಿರಿ, ಆಸ್ಪತ್ರೆಗೆ ಹೊರಡಿ. ದೂರವಿದ್ದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಸುಮಾರು ಅರ್ಧ ಗಂಟೆ, ಬೆರಳು ಮೆತ್ತಗಾಗುವವರೆಗೆ ಇಡಬೇಕು. ನೀರಿನ ಬಿಸಿಯನ್ನು ಬೇರೆಯವರು ನೋಡಲಿ, ಮರಗಟ್ಟಿದ ಕೈಗೆ ಸುಡೋದೂ ಗೊತ್ತಾಗುವುದಿಲ್ಲ. ಕರಗುವಾಗ ತುಂಬಾ ನೋವಾಗುತ್ತದೆ. ಗುಳ್ಳೆ ಬಂದರೆ ಒಡೆಯಬೇಡಿ. ಮುಂದೆ ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಹಾಗಿದ್ದರೆ ಮಾತ್ರ ಬಿಸಿ ಮಾಡಲು ಹೋಗಬೇಡಿ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ. ತಡಮಾಡದೆ ಆಸ್ಪತ್ರೆ ಸೇರಿದರೆ ಈಗ ದಾರಿಗಳಿವೆ. ತೀವ್ರ ಫ್ರಾಸ್ಟ್‌ಬೈಟ್‌ಗೆ ಐಲೋಪ್ರಾಸ್ಟ್ ಎಂಬ ಔಷಧಿಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಪ್ರಶ್ನೆ: ತುಂಬಾ ನಡುಗುತ್ತಿದ್ದವರ ನಡುಕ ನಿಂತರೆ ಮೈ ಚಳಿಗೆ ಒಗ್ಗಿತು ಅಂತ ಅಲ್ವಾ? ಸ್ವಲ್ಪ ಬ್ರಾಂಡಿ ಕೊಡಬಹುದಾ?

ಎರಡಕ್ಕೂ ಇಲ್ಲ. ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ. ಮಾತು ತೊದಲಿ, ಹೆಜ್ಜೆ ತಪ್ಪಿ, ಗುಂಡಿ ಹಾಕಲೂ ಬಾರದೆ ಹೋಗಿ, ನಡುಕವೂ ನಿಂತರೆ ಅದು ಅಪಾಯದ ಗುರುತು. ಕೆಲವರು ಆ ಗೊಂದಲದಲ್ಲಿ ಬಟ್ಟೆ ಬಿಚ್ಚಿ ಹಾಕುವುದೂ ಉಂಟು. ಆಂಬುಲೆನ್ಸಿಗೆ ಫೋನ್ ಮಾಡಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಸುತ್ತಿ, ಎದೆ ಹೊಟ್ಟೆ ಮೊದಲು ಬೆಚ್ಚಗಾಗಲಿ. ಮಲಗಿಸಿಯೇ ಇಡಿ, ಎಳೆದಾಡಬೇಡಿ. ಪೂರ್ತಿ ಎಚ್ಚರವಿದ್ದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಬಹುದು. ಬ್ರಾಂಡಿ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಬೆಚ್ಚಗಾದ ಹಾಗೆ ಅನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ.

ಪ್ರಶ್ನೆ: ಬ್ಯಾಟರಿ ಗ್ಲೌಸ್, ಹ್ಯಾಂಡ್ ವಾರ್ಮರ್ ಕೆಲಸ ಮಾಡುತ್ತವಾ?

ಮಾಡುತ್ತವೆ, ಆದರೆ ಅವನ್ನೇ ನಂಬಿ ಹೊರಡಬೇಡಿ. ಚಳಿಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಒಮ್ಮೆ ಬಳಸಿ ಎಸೆಯುವ ವಾರ್ಮರ್‌ನಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ತಾಗಿ ತುಕ್ಕು ಹಿಡಿಯುವಾಗ ಬಿಸಿ ಬರುತ್ತದೆ. ಹಾಗಾಗಿ ಹೊರಡುವ ಸ್ವಲ್ಪ ಮೊದಲೇ ಪೊಟ್ಟಣ ಬಿಡಿಸಿ, ಬಿಸಿಯಾದ ಮೇಲೆ ತೆಳು ಗ್ಲೌಸಿನ ಮೇಲೆ, ಕೈಯ ಹಿಂಭಾಗಕ್ಕೆ ಬರುವಂತೆ ಇಡಿ. ನೇರ ಚರ್ಮಕ್ಕೆ ಬೇಡ.