ಸಂಪಾದಕರ ಉತ್ತರ: ಬರ್ಮಾ ಯುದ್ಧಕ್ಕೆ ಮದರಾಸಿನಿಂದ ಹೊರಟ ದಂಡು, ದವಸ

ಬಳ್ಳಾರಿಯ ಓದುಗರೊಬ್ಬರು ಕೇಳಿದ್ದಾರೆ: “ಸರ್ ಥಾಮಸ್ ಮನ್ರೋ ನಮಗೆ ಪರಿಚಿತರಾಗಿರುವುದು ರೈತರಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯಿಂದ, ಮಂತ್ರಾಲಯದ ಐತಿಹ್ಯದಿಂದ. ಆದರೆ 1825ರಲ್ಲಿ ಅವರಿಗೆ ಬ್ಯಾರೊನೆಟ್ ಎಂಬ ಬ್ರಿಟಿಷ್ ಗೌರವ ಪದವಿ ದೊರೆತದ್ದು ಬರ್ಮಾ ಯುದ್ಧದ ಸೇವೆಗಾಗಿ ಎಂದು ಓದಿದೆ. ಮದರಾಸಿನಲ್ಲೇ ಕುಳಿತಿದ್ದ ಗವರ್ನರ್ ಆ ಯುದ್ಧದಲ್ಲಿ ಮಾಡಿದ್ದೇನು? 1824ರ ಕಿತ್ತೂರಿನ ಹೋರಾಟಕ್ಕೂ ಅದಕ್ಕೂ ನಂಟಿದೆಯೇ?”

ಯುದ್ಧ ಸಾರಿದವರು ಕಲ್ಕತ್ತೆಯ ಗವರ್ನರ್ ಜನರಲ್ ಲಾರ್ಡ್ ಆಮ್ಹರ್ಸ್ಟ್. ಅದು 1824ರ ಮಾರ್ಚ್ ತಿಂಗಳು. ಆದರೆ ಯುದ್ಧವನ್ನು ನಡೆಸಿಕೊಂಡು ಹೋಗುವ ಭಾರದ ದೊಡ್ಡ ಪಾಲು ಮದರಾಸಿನ ಮೇಲೆ ಬಿತ್ತು. ಬಂಗಾಳದ ಸೈನ್ಯದಲ್ಲಿ ಮೇಲುಜಾತಿಯವರು ಹೆಚ್ಚಾಗಿದ್ದು, ಸಮುದ್ರ ದಾಟಿದರೆ ಜಾತಿ ಕೆಡುವುದೆಂಬ ಅಳುಕು ಅವರಲ್ಲಿ ಬಲವಾಗಿತ್ತು. ಮದರಾಸಿನ ಸಿಪಾಯಿಗಳು ಹಡಗು ಹತ್ತಲು ಅಷ್ಟಾಗಿ ಹಿಂಜರಿಯುತ್ತಿರಲಿಲ್ಲ. ಬಂಗಾಳದ ಪಡೆಯೂ ಮದರಾಸಿನ ಪಡೆಯೂ ಅಂಡಮಾನಿನ ಪೋರ್ಟ್ ಕಾರ್ನ್‌ವಾಲಿಸ್‌ನಲ್ಲಿ ಕೂಡಿಕೊಂಡು, ಸರ್ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ಲರ ನಾಯಕತ್ವದಲ್ಲಿ ಮೇ 11ರಂದು ರಂಗೂನನ್ನು ಹಿಡಿದವು.

ಹಿಡಿದದ್ದು ಬರಿಯ ಊರನ್ನು. ಜನರನ್ನೂ ದನಕರುಗಳನ್ನೂ ದೋಣಿಗಳನ್ನೂ ಬರ್ಮೀ ಅಧಿಕಾರಿಗಳು ಮೊದಲೇ ಸಾಗಿಸಿಬಿಟ್ಟಿದ್ದರು. ಊರಿನಲ್ಲಿ ಧಾನ್ಯವೂ ದೋಣಿಯೂ ಸಿಗುತ್ತವೆ, ಮಳೆಗಾಲದಲ್ಲಿ ತುಂಬಿದ ಐರಾವತಿ ನದಿಯಲ್ಲಿ ರಾಜಧಾನಿಯತ್ತ ಸಾಗಬಹುದು ಎಂದು ಕಲ್ಕತ್ತೆಯಲ್ಲಿ ಹಾಕಿಕೊಂಡಿದ್ದ ಲೆಕ್ಕ ಒಂದೇ ದಿನದಲ್ಲಿ ಬುಡಮೇಲಾಯಿತು. ಮುಂದಿನ ಫೆಬ್ರವರಿಯವರೆಗೂ ದಂಡು ಅಲ್ಲೇ ಕೊಳೆಯಿತು. ಹಳಸಿದ ಉಪ್ಪುಮಾಂಸ, ಹುಳು ಹಿಡಿದ ಬಿಸ್ಕತ್ತು ತಿಂದ ಗೋರಾ ಸೈನಿಕರನ್ನು ಜ್ವರವೂ ರಕ್ತಭೇದಿಯೂ ಗುಂಪುಗುಂಪಾಗಿ ಒಯ್ದವು. ಈ ಸಾವುಗಳಿಗೆ ನಾನು ಮಳೆಗಿಂತ ಹೆಚ್ಚಾಗಿ, ಊಟದ ಏರ್ಪಾಡು ಮಾಡದೆ ಜನರನ್ನು ಕಳಿಸಿದವರನ್ನೇ ಹೊಣೆ ಮಾಡುತ್ತೇನೆ.

ಮನ್ರೋ ಅವರ ಕೆಲಸ ಶುರುವಾಗುವುದು ಇಲ್ಲಿಂದ. ರಾಜೀನಾಮೆ ಕೊಟ್ಟು ಊರಿಗೆ ಮರಳಬೇಕೆಂದಿದ್ದ ಅವರು ಯುದ್ಧದ ಕಾರಣಕ್ಕೆ ಉಳಿದುಕೊಂಡರು. ಹೊಸ ಪಡೆಗಳು, ಅಕ್ಕಿ, ಎತ್ತುಗಳು ಹೀಗೆ ಮದರಾಸಿನಿಂದ ಹೋಗುವುದನ್ನು ಹೋಗುತ್ತಲೇ ಇರುವಂತೆ ನೋಡಿಕೊಂಡರು. ಎತ್ತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದಿದ್ದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ದವಸ ಮುಗಿದುದರಿಂದ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದೆಗೆಯಬೇಕಾಯಿತು. ಟಿಪ್ಪುವಿನ ವಿರುದ್ಧದ ಆ ಯುದ್ಧದಲ್ಲಿ ಮನ್ರೋ ಅಧಿಕಾರಿಯಾಗಿದ್ದರು. ನಮ್ಮ ನೆಲದ ಮೇಲಾದರೆ ಸಾವಿರಾರು ಹೇರೆತ್ತುಗಳೊಡನೆ ದಂಡಿನ ಹಿಂದೆ ಧಾನ್ಯ ತರುವ ಲಂಬಾಣಿಗಳಿದ್ದರು. ಸಮುದ್ರದಾಚೆಗೆ ಆ ವ್ಯವಸ್ಥೆ ಬರುವಂತಿರಲಿಲ್ಲ; ಅಷ್ಟನ್ನೂ ಹಡಗಿನಲ್ಲೇ ತುಂಬಬೇಕು.

ಅದೂ ಎಂಥ ರೇವಿನಿಂದ! ಆಗ ಮದರಾಸಿಗೆ ಬಂದರುಕಟ್ಟೆಯೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನರನ್ನೂ ಮೂಟೆಗಳನ್ನೂ, ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಮಸುಲಾ ದೋಣಿಗಳಲ್ಲಿ, ಬೆಸ್ತರು ಅಲೆಗಳನ್ನು ದಾಟಿಸಿ ಮುಟ್ಟಿಸಬೇಕಿತ್ತು. ಹಿಂಗಾರಿನ ಬಿರುಗಾಳಿಯ ತಿಂಗಳುಗಳಲ್ಲಿ ಹಡಗುಗಳು ಅಲ್ಲಿ ನಿಲ್ಲುವುದೇ ಅಪಾಯವಾಗಿತ್ತು. ಪದವಿಯ ಮಾತು ಬಂದಾಗ ಈ ದೋಣಿಯವರ ನೆನಪನ್ನು ಯಾರೂ ಮಾಡುವುದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಇಂಥ ಏರ್ಪಾಡು ತಪ್ಪಿದಲ್ಲಿ ಏನಾಯಿತೆಂಬುದಕ್ಕೆ ಕಲ್ಕತ್ತೆಯ ಬಳಿಯ ದಂಡಿನ ನೆಲೆ ಬಾರಕ್‌ಪುರ ಸಾಕ್ಷಿ. ಚಿತ್ತಗಾಂಗಿನತ್ತ ನಡೆಯಬೇಕೆಂದು ಆಜ್ಞೆ ಪಡೆದ ಬಂಗಾಳದ ಸಿಪಾಯಿಗಳಿಗೆ ಸಾಮಾನು ಹೊರುವ ಎತ್ತುಗಳನ್ನು ಸರ್ಕಾರ ಒದಗಿಸಲಿಲ್ಲ. 47ನೆಯ ರೆಜಿಮೆಂಟು ಹೊರಡಲು ಒಪ್ಪದಿದ್ದಾಗ, 1824ರ ನವೆಂಬರ್ 2ರಂದು ಅದರ ಮೇಲೆ ಫಿರಂಗಿ ಹಾರಿಸಲಾಯಿತು. ಯುದ್ಧವನ್ನು ಮುಗಿಸಿದ 1826ರ ಫೆಬ್ರವರಿಯ ಯಂಡಬೂ ಒಪ್ಪಂದದ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಕಡೆಯಲ್ಲಿ ಸುಮಾರು 15,000 ಸೈನಿಕರು ಸತ್ತಿದ್ದರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಚ್ಚಿನವರು ಸತ್ತದ್ದು ರೋಗದಿಂದ.

ಇನ್ನು ಕಿತ್ತೂರು. ಅಲ್ಲಿನ ಹೋರಾಟಕ್ಕೆ ಕಾರಣ ದತ್ತುಪುತ್ರನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದದ್ದು, ಬರ್ಮಾ ಅಲ್ಲ. ಆದರೂ ಥ್ಯಾಕರೆ ಸತ್ತ ಅಕ್ಟೋಬರ್ 23ಕ್ಕೂ ಬಾರಕ್‌ಪುರದ ಗುಂಡಿನ ಸದ್ದಿಗೂ ನಡುವೆ ಇದ್ದದ್ದು ಕೇವಲ ಹತ್ತು ದಿನ. ರಂಗೂನಿನಲ್ಲಿ ಸಿಕ್ಕಿಬಿದ್ದಿದ್ದ ಕಂಪನಿ ಡಿಸೆಂಬರ್ ಮೊದಲ ವಾರದೊಳಗೆ ಕಿತ್ತೂರಿನ ಮುಂದೆ ದೊಡ್ಡ ಪಡೆಯನ್ನೇ ತಂದು ನಿಲ್ಲಿಸಿತು. ಆ ಮುತ್ತಿಗೆಯಲ್ಲಿ ಮಡಿದ ಸೊಲ್ಲಾಪುರದ ಸಬ್ ಕಲೆಕ್ಟರ್, ಗವರ್ನರ್ ಮನ್ರೋ ಅವರ ಸಂಬಂಧಿ.